ಬೋರ್ಲಾಗರ ಉಪನ್ಯಾಸದಲ್ಲಿ ರೂಪಕಗಳ ಔಚಿತ್ಯ

ಶಾಸ್ತ್ರಜ್ಞರ ಗದ್ಯವನ್ನು ಸಾಹಿತ್ಯವಿಮರ್ಶೆಯ ಒರೆಗೆ ಹಚ್ಚುವುದು ವಿರಳವಾದರೂ ನಿಷ್ಪ್ರಯೋಜನವಲ್ಲ. ಗೋದಿಯ ತಳಿಗಳನ್ನು ಸುಧಾರಿಸಿ ೧೯೭೦ರ ನೊಬೆಲ್ ಶಾಂತಿ ಪಾರಿತೋಷಕವನ್ನು ಪಡೆದ ನಾರ್ಮನ್ ಬೋರ್ಲಾಗರು ಅದೇ ವರ್ಷದ ಡಿಸೆಂಬರ್ ೧೧ರಂದು ಆಸ್ಲೋ ನಗರದಲ್ಲಿ ಮಾಡಿದ ಉಪನ್ಯಾಸವು ಅಂತಹ ಪರೀಕ್ಷೆಗೆ ಅರ್ಹವಾದುದು. ಅದರಲ್ಲಿ ಎರಡು ರೂಪಕಗಳು ಗಮನಾರ್ಹವಾಗಿವೆ. ಹೊಸ ತಳಿಗಳು ಹಸುರು ಕ್ರಾಂತಿಯನ್ನು ಹೊತ್ತಿಸಿದುವು, ರಾಸಾಯನಿಕ ಗೊಬ್ಬರವು ಅದರ ಇಂಧನ ಎಂಬುದು ಒಂದು; ಜನಸಂಖ್ಯೆಯೇ ರಾಕ್ಷಸನೆಂಬುದು ಇನ್ನೊಂದು.

ಮೊದಲನೆಯದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಬೀಜವೊಂದರಿಂದಲೇ ಪವಾಡ ನಡೆಯಿತೆಂಬ ಭ್ರಮೆಯನ್ನು ಅದು ಪರಿಹರಿಸುತ್ತದೆ. ಭಾರತವು ೧೯೬೬ರಲ್ಲಿ ಮೆಕ್ಸಿಕೋ ದೇಶದಿಂದ ೧೮,೦೦೦ ಟನ್ನು ಬೀಜವನ್ನು ತರಿಸಿತು. ೧೯೬೪-೬೫ರಲ್ಲಿ ಸುಮಾರು ೧೨೩ ಲಕ್ಷ ಟನ್ನು ಇದ್ದ ಗೋದಿಯ ಬೆಳೆ ೧೯೬೯-೭೦ರಲ್ಲಿ ೨೦೦ ಲಕ್ಷ ಟನ್ನಿಗೆ ಏರಿತು. ನೀರು, ಗೊಬ್ಬರಗಳಿಲ್ಲದೆ ಈ ಏರಿಕೆ ಸಾಧ್ಯವಾಗುತ್ತಿರಲಿಲ್ಲ.

ಆದರೆ ಅಗ್ನಿಯ ಧರ್ಮ ಬೇರೆ, ಪೈರಿನ ಧರ್ಮ ಬೇರೆ. ಇಂಧನ ಹೆಚ್ಚಿದಷ್ಟೂ ಜ್ವಾಲೆ ಹೆಚ್ಚುವುದು. ಹಳೆಯ ಎತ್ತರದ ಗೋದಿಗಾದರೋ ಗೊಬ್ಬರ ಹೆಚ್ಚಿದರೆ ದಂಟು ನೀಳವಾಗಿ, ತೆನೆಯ ಭಾರದಿಂದ ಪೈರೇ ನೆಲಕ್ಕೊರಗುತ್ತಿದ್ದಿತು. ೧೯೩೫ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ನೋರಿನ್ ೧೦ ಎಂಬ ಗಿಡ್ಡ ತಳಿಯ ಗುಣವನ್ನು ಸಂಕರದಿಂದ ಪಡೆದ ಮೇಲೆಯೇ ಈ ತೊಡಕು ನೀಗಿತು. ಆ ಗುಣದ ಮೂಲವೇನೆಂಬುದು ೧೯೯೯ರಲ್ಲಿ ಸ್ಪಷ್ಟವಾಯಿತು: ಕಾಂಡವನ್ನು ನೀಳಗೊಳಿಸುವ ಗಿಬ್ಬರೆಲಿನ್ ಎಂಬ ರಸಕ್ಕೆ ಈ ಸಸ್ಯವು ಪೂರ್ಣವಾಗಿ ಓಗೊಡುವುದಿಲ್ಲ. ದಂಟಿಗೆ ಸಲ್ಲುತ್ತಿದ್ದ ಸಾರದ ಒಂದಂಶ ಕಾಳಿಗೆ ಸಲ್ಲುತ್ತದೆ. ಇಳುವರಿ ಹೆಚ್ಚಿದುದು ಮುಖ್ಯವಾಗಿ ಹಂಚಿಕೆಯ ಬದಲಾವಣೆಯಿಂದ. ಸಸ್ಯವು ಇಮ್ಮಡಿಯಾಗಿ ಬೆಳೆದುದರಿಂದಲ್ಲ. ಹೀಗೆ ಈ ಗೋದಿಯ ರಹಸ್ಯ ಸಂಯಮವೇ ಹೊರತು ದಹನವಲ್ಲ. ಹುಲ್ಲನ್ನು ದನಕ್ಕೆ ಹಾಕುವ ಒಕ್ಕಲಿಗನಿಗೆ ಈ ಹಂಚಿಕೆಯಲ್ಲಿ ನಷ್ಟವೂ ಉಂಟು. ಬೆಂಕಿಯ ರೂಪಕದಲ್ಲಿ ಆ ಲೆಕ್ಕಕ್ಕೆ ಎಡೆಯಿಲ್ಲ.

ಎರಡನೆಯ ರೂಪಕದ ದೋಷ ಇದಕ್ಕಿಂತ ಗುರುತರವಾದುದು. ಉಪನ್ಯಾಸದ ಧ್ಯೇಯ ಹಸಿದವರಿಗೆ ಅನ್ನ. ಯಾರ ಹಸಿವಿಗಾಗಿ ವಾದವು ಹೂಡಲ್ಪಟ್ಟಿತೋ ಅವರ ಸಂಖ್ಯೆಯನ್ನೇ ರಾಕ್ಷಸನನ್ನಾಗಿ ಚಿತ್ರಿಸಿದಾಗ ಕರುಣೆಯ ಸ್ಥಾನದಲ್ಲಿ ಭಯಾನಕವು ಬಂದು ನಿಲ್ಲುತ್ತದೆ. ಇದು ಸ್ಪಷ್ಟವಾದ ರಸಭಂಗ. ಎಚ್ಚರಿಕೆ ಸಕಾರಣವಾದುದೆಂದು ಒಪ್ಪಿದರೂ ಉಪಮಾನವು ಒಪ್ಪತಕ್ಕದ್ದಲ್ಲ.

ಇಷ್ಟಾದರೂ ಈ ಉಪನ್ಯಾಸದ ಬೆಲೆ ಕುಂದುವುದಿಲ್ಲ. ವಿಜಯೋತ್ಸವದ ಸಮಯದಲ್ಲಿಯೇ ವಿಜಯವು ತಾತ್ಕಾಲಿಕವೆಂದು ಹೇಳಿದ ಧೈರ್ಯ ಅಲ್ಲಿದೆ. ಗಿಡ್ಡ ದಂಟು, ರೋಗನಿರೋಧ, ನಾನಾ ಹವೆಗಳಿಗೆ ಹೊಂದುವ ಶಕ್ತಿ ಎಂದು ತಳಿಯ ಗುಣಗಳನ್ನು ನಿರಲಂಕಾರವಾಗಿ ಎಣಿಸುವ ಭಾಗವೇ ಅದರ ಉತ್ತಮಾಂಶ. ದಂಟು ಕುಗ್ಗಿ ಕಾಳು ತುಂಬಿದ ಆ ಗೋದಿಯ ಕ್ರಮವೇ ಅದರ ಕಥೆಯನ್ನು ಹೇಳುವ ಗದ್ಯಕ್ಕೂ ಉಚಿತವಾದುದು.