ಕ್ಯಾಪ್ ಸಿಗದವನ ಕಥೆ

ಆಟವಾಡುತ್ತ ಬೆಳೆದ ಮಕ್ಕಳ ಬಗ್ಗೆ ಬರುವ ಸಿನಿಮಾ, ಕಾದಂಬರಿಗಳು ಸಾಮಾನ್ಯವಾಗಿ ಒಂದೇ ಪ್ರಶ್ನೆಯನ್ನು ಹಿಡಿದು ಹೊರಡುತ್ತವೆ: ಈ ಹುಡುಗ ಕೊನೆಗೆ ಏನಾದ? ದೇಶಕ್ಕೆ ಆಡಿದರೆ ಕಥೆಯುಂಟು, ಇಲ್ಲದಿದ್ದರೆ ಇಲ್ಲ. ಆದರೆ ಬಾಲ್ಯವನ್ನೆಲ್ಲ ಮೈದಾನದಲ್ಲಿ ಕಳೆದವರಲ್ಲಿ ಬಹುಪಾಲು ಮಂದಿ ಯಾವ ತಂಡಕ್ಕೂ ಆಡದೆ ಬ್ಯಾಂಕು, ಅಂಗಡಿ, ಕಾರ್ಖಾನೆಗಳಿಗೆ ಸೇರಿಕೊಳ್ಳುತ್ತಾರೆ. ಅವರೊಳಗೆ ಆ ಆಟ ಏನನ್ನು ಉಳಿಸಿಹೋಯಿತು ಎಂದು ಕೇಳುವ ಕೃತಿಗಳು ಕಡಿಮೆ. ಅಭಿಷೇಕ್ ಕಪೂರ್ ನಿರ್ದೇಶನದ 'ಕಾಯ್ ಪೋ ಛೆ' (2013) ಹಾಗೆ ಕೇಳುತ್ತದೆ. ಕೇಳಿದ ಮೇಲೆ ತನ್ನ ಪ್ರಶ್ನೆಗೆ ತಾನೇ ಸ್ವಲ್ಪ ಹೆದರುತ್ತದೆ. ಅಹಮದಾಬಾದಿಗೆ ಬಂದ ಮೇಲೆ ಅದನ್ನು ಮತ್ತೊಮ್ಮೆ ನೋಡಿದಾಗ ನನಗೆ ಹೀಗನ್ನಿಸಿತು.

ಸಿನಿಮಾದ ಹೆಸರು ಉತ್ತರಾಯಣದ ದಿನ ಇಲ್ಲಿನ ತಾರಸಿಗಳಿಂದ ಕೇಳಿಬರುವ ಕೂಗು. ಎದುರಾಳಿಯ ಗಾಳಿಪಟದ ದಾರ ಕತ್ತರಿಸಿದಾಗ ಹಾಕುವ ಕೇಕೆ ಅದು. ಕಥೆಗೆ ಮೂಲ ಚೇತನ್ ಭಗತ್ 2008ರಲ್ಲಿ ಬರೆದ 'ದಿ ತ್ರೀ ಮಿಸ್ಟೇಕ್ಸ್ ಆಫ್ ಮೈ ಲೈಫ್'. ಅಹಮದಾಬಾದಿನ ಮೂವರು ಗೆಳೆಯರು ಕ್ರಿಕೆಟ್ ಸಾಮಾನಿನ ಅಂಗಡಿ ತೆರೆಯುತ್ತಾರೆ, ಮಕ್ಕಳಿಗೆ ತರಬೇತಿ ಕೊಡುತ್ತಾರೆ. ಗೋವಿಂದ್ ಲೆಕ್ಕಾಚಾರದವನು. ಓಮಿಯ ಮನೆಯವರು ದೇವಸ್ಥಾನದವರು. ಈಶಾನ್ ಆಡಿ ಬೆಳೆದವನು, ಆದರೆ ಮೇಲಕ್ಕೇರಲಾಗದೆ ಉಳಿದವನು. ಮನೆಯಲ್ಲಿ ಅಪ್ಪನಿಂದ ಬೈಸಿಕೊಳ್ಳುತ್ತ, ಟಿವಿಯಲ್ಲಿ ಮ್ಯಾಚ್ ನೋಡುತ್ತ ಕಾಲ ಕಳೆಯುವ ಇಂಥವರನ್ನು ನಾವೆಲ್ಲ ನಮ್ಮ ನಮ್ಮ ಊರುಗಳಲ್ಲಿ ಕಂಡಿದ್ದೇವೆ. ಈ ಈಶಾನನಿಗೆ ಅಲಿ ಎಂಬ ಮುಸ್ಲಿಂ ಹುಡುಗನ ಬ್ಯಾಟಿಂಗ್ ಕಣ್ಣಿಗೆ ಬೀಳುತ್ತದೆ. ಆಮೇಲೆ 2001ರ ಜನವರಿ 26ರ ಭೂಕಂಪ, 2002ರ ಗೋಧ್ರಾ, ಅದರ ಬೆನ್ನಿಗೇ ಬಂದ ಗಲಭೆ.

ಭಗತ್ ಅವರ ಕಾದಂಬರಿಯಲ್ಲಿ ಅಲಿಯ ಪ್ರತಿಭೆಗೆ ವೈದ್ಯಕೀಯ ಕಾರಣವೊಂದಿದೆ. ಅವನ ನರಗಳು ಬೇರೆಯವರಿಗಿಂತ ಬಹಳ ಬೇಗ ಸ್ಪಂದಿಸುತ್ತವಂತೆ. ಕಾದಂಬರಿಯ ಅತ್ಯಂತ ದುರ್ಬಲ ಜಾಗ ಇದೇ ಎನ್ನುತ್ತೇನೆ. ಹುಡುಗನ ಆಟ ಹುಟ್ಟಿನಿಂದಲೇ ಬಂದ ಒಂದು ಸಲಕರಣೆಯಾದರೆ ಕಲಿಯುವುದಕ್ಕೆ, ಕಲಿಸುವುದಕ್ಕೆ ಅಲ್ಲಿ ಏನು ಉಳಿಯಿತು? ಸಿನಿಮಾ ಇದನ್ನು ಹಿಂದಕ್ಕೆ ಸರಿಸಿ, ಗುರು ಶಿಷ್ಯರು ನೆಟ್‌ನಲ್ಲಿ ಕಳೆಯುವ ಹೊತ್ತನ್ನು ಮುಂದಕ್ಕೆ ತಂದಿದೆ. ಒಳ್ಳೆಯ ತಿದ್ದುಪಡಿ.

ಇದೇ ದೌರ್ಬಲ್ಯ ಬೇಸ್‌ಬಾಲ್ ಬಗ್ಗೆ ಬಂದ 'ಮಿಲಿಯನ್ ಡಾಲರ್ ಆರ್ಮ್' (2014) ಚಿತ್ರದ ಜೀವಾಳವೇ ಆಗಿಬಿಟ್ಟಿದೆ. ಭಾರತದಲ್ಲಿ ವೇಗವಾಗಿ ಚೆಂಡೆಸೆಯುವ ತೋಳುಗಳನ್ನು ಹುಡುಕುವ ಸ್ಪರ್ಧೆ ನಡೆಸಿ, ಅದರಲ್ಲಿ ಸಿಕ್ಕ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಎಂಬಿಬ್ಬರನ್ನು ಅಮೆರಿಕಕ್ಕೆ ಕರೆದೊಯ್ದದ್ದು, 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಅವರೊಡನೆ ಒಪ್ಪಂದ ಮಾಡಿಕೊಂಡದ್ದು ನಿಜವಾಗಿ ನಡೆದ ಸಂಗತಿ. ಪಟೇಲ್ ಎಂದ ಕೂಡಲೇ ಗುಜರಾತಿನವನಿರಬೇಕು ಅನ್ನಿಸಬಹುದು. ಅಲ್ಲ, ಇಬ್ಬರೂ ಉತ್ತರ ಪ್ರದೇಶದವರು, ಜಾವೆಲಿನ್ ಎಸೆದು ಪಳಗಿದವರು. ಬೇಸ್‌ಬಾಲ್ ಅವರ ಬಾಲ್ಯದಲ್ಲಿ ಇರಲೇ ಇಲ್ಲ. ಸಿನಿಮಾಕ್ಕೂ ಅವರ ಬಾಲ್ಯ ಅಷ್ಟಾಗಿ ಬೇಕಿಲ್ಲ. ಅದಕ್ಕೆ ಬೇಕಾದದ್ದು ವೇಗ ಅಳೆಯುವ ಯಂತ್ರದ ಮೇಲೆ ಮೂಡುವ ಅಂಕಿ, ಮತ್ತು ಅವರನ್ನು ಕರೆತಂದ ಅಮೆರಿಕನ್ ಏಜೆಂಟನ ಮನಃಪರಿವರ್ತನೆ. ಇಬ್ಬರಲ್ಲಿ ಯಾರೂ ಮೇಜರ್ ಲೀಗ್ ತಲುಪಲಿಲ್ಲ. ರಿಂಕು ಕೆಳಹಂತದ ಲೀಗುಗಳಲ್ಲಿ ವರ್ಷಗಟ್ಟಲೆ ಆಡಿ, ಕೊನೆಗೆ ಕುಸ್ತಿಯ ಅಖಾಡಕ್ಕೆ ಹೋದ. ನನಗೆ ನೋಡಬೇಕೆನಿಸುವುದು ಆ ವರ್ಷಗಳ ಕಥೆ.

ಬೇಸ್‌ಬಾಲ್ ಆಡುತ್ತ ಬೆಳೆಯುವುದೆಂದರೇನು ಎಂದು ತಿಳಿಯಲು ಇದಕ್ಕಿಂತ 1976ರ 'ದಿ ಬ್ಯಾಡ್ ನ್ಯೂಸ್ ಬೇರ್ಸ್' ನೋಡುವುದು ಮೇಲು. ಆ ಆಟದಲ್ಲಿ ಹತ್ತು ಸಲಕ್ಕೆ ಮೂರು ಸಲ ಹಿಟ್ ಪಡೆದವನು ಉತ್ತಮ ಬ್ಯಾಟರ್. ಏಳು ಸಲ ಸೋತವನಿಗೂ ಒಂದೇ ಪಂದ್ಯದಲ್ಲಿ ಮತ್ತೆ ಮತ್ತೆ ಅವಕಾಶ ಬರುತ್ತದೆ. ನಮ್ಮ ಕ್ರಿಕೆಟ್ಟಿನಲ್ಲಿ ಹಾಗಲ್ಲ, ಒಂದು ಚೆಂಡಿಗೆ ದಿನವೇ ಮುಗಿದುಹೋಗಬಹುದು. ಸೋತು, ತಿರುಗಿ ಹೋಗಿ ನಿಲ್ಲುವುದನ್ನು ಬೇಸ್‌ಬಾಲ್ ಮಕ್ಕಳಿಗೆ ದಿನವೂ ಕಲಿಸುತ್ತದೆ. ಮೈಕೆಲ್ ರಿಚಿ ಇದನ್ನು ಬಲ್ಲ ನಿರ್ದೇಶಕ. ಕುಡುಕ ಕೋಚ್ ಫೈನಲ್ ಪಂದ್ಯದಲ್ಲಿ ಗೆಲುವನ್ನು ಬದಿಗಿಟ್ಟು, ಬೆಂಚಿನಲ್ಲಿ ಕೂತಿದ್ದ ಮಕ್ಕಳನ್ನೂ ಮೈದಾನಕ್ಕಿಳಿಸುತ್ತಾನೆ. ತಂಡ ಸೋಲುತ್ತದೆ. ಆ ತಂಡದ ಮುಖ್ಯ ಪಿಚರ್ ಒಬ್ಬ ಹುಡುಗಿ.

ಈ ಚಿತ್ರದ ಪಕ್ಕದಲ್ಲಿಟ್ಟರೆ 'ಕಾಯ್ ಪೋ ಛೆ'ಯ ಎರಡು ಕೊರತೆಗಳು ಕಾಣುತ್ತವೆ. ಈಶಾನನ ತಂಗಿ ವಿದ್ಯಾ ಗಣಿತ ಕಲಿಯುತ್ತಾಳೆ, ಪ್ರೀತಿಸುತ್ತಾಳೆ. ಆಟ ಮಾತ್ರ ಅವಳ ಪಾಲಿಗೆ ಬರುವುದಿಲ್ಲ. ಇದೇ ಗುಜರಾತಿನ ವಡೋದರಾದಲ್ಲಿ 2000ದಲ್ಲಿ ಹುಟ್ಟಿದ ಯಾಸ್ತಿಕಾ ಭಾಟಿಯಾ 2021ರಲ್ಲಿ ಭಾರತಕ್ಕೆ ಆಡಿದಳು ಎಂಬುದನ್ನು ನೆನೆದರೆ ಈ ಕೊರತೆ ಇನ್ನಷ್ಟು ಎದ್ದು ಕಾಣುತ್ತದೆ. ಎರಡನೆಯದು, ಅಲಿಯ ಜೊತೆ ತರಬೇತಿಗೆ ಬರುವ ಉಳಿದ ಮಕ್ಕಳು. ಅವರಿಗೆ ಮುಖವಿಲ್ಲ.

ಮೈದಾನ ಹುಡುಗನನ್ನು ಹೇಗೆ ರೂಪಿಸುತ್ತದೆ ಎನ್ನುವುದಕ್ಕೆ ಈ ಊರುಗಳ ನಿಜವಾದ ಉದಾಹರಣೆಗಳು ಎರಡೂ ಸಿನಿಮಾಗಳಿಗಿಂತ ಸೂಕ್ಷ್ಮವಾಗಿವೆ. ಜಸ್ಪ್ರೀತ್ ಬುಮ್ರಾ ಬೆಳೆದದ್ದು ಅಹಮದಾಬಾದಿನಲ್ಲಿ. ತಂದೆ ಬೇಗ ತೀರಿಕೊಂಡರು, ತಾಯಿ ಶಾಲೆಯಲ್ಲಿ ಟೀಚರ್. ಮಧ್ಯಾಹ್ನ ಅಮ್ಮನ ನಿದ್ದೆ ಕೆಡಬಾರದೆಂದು, ಗೋಡೆ ನೆಲಕ್ಕೆ ಸೇರುವ ಅಂಚಿಗೆ ಗುರಿಯಿಟ್ಟು ಎಸೆಯುತ್ತಿದ್ದೆ, ಅಲ್ಲಿ ಬಿದ್ದರೆ ಸದ್ದು ಕಡಿಮೆ ಎಂದು ಅವರೇ ಹೇಳಿಕೊಂಡಿದ್ದಾರೆ. ಜಗತ್ತು ಹೆದರುವ ಆ ಯಾರ್ಕರ್ ಹೀಗೆ ಅಭ್ಯಾಸವಾದದ್ದು. ಇದನ್ನು ನರಗಳ ವೇಗ ಎನ್ನುವಿರೋ, ದುಡಿದು ಬಂದ ಅಮ್ಮನ ಮೇಲಿನ ಕಾಳಜಿ ಎನ್ನುವಿರೋ? ಹಾರ್ದಿಕ್ ಮತ್ತು ಕೃಣಾಲ್ ಪಾಂಡ್ಯರ ತಂದೆ ಸೂರತ್‌ನಲ್ಲಿದ್ದ ವ್ಯವಹಾರವನ್ನು ಮುಚ್ಚಿ ವಡೋದರಾಕ್ಕೆ ಬಂದದ್ದು ಮಕ್ಕಳನ್ನು ಕಿರಣ್ ಮೋರೆಯವರ ಅಕಾಡೆಮಿಗೆ ಸೇರಿಸಲೆಂದು. ನಾವು ನೌಕರಿಗಾಗಿ ಊರು ಬಿಟ್ಟವರು. ಮಕ್ಕಳ ಆಟಕ್ಕಾಗಿ ಊರು ಬಿಡುವುದು ಎಷ್ಟು ದೊಡ್ಡ ಜೂಜು ಎಂದು ನಮಗೆ ಬೇರೆ ಹೇಳಬೇಕಿಲ್ಲ. ಅದೇ ಜೂಜಾಡಿ ಕಳೆದುಕೊಂಡ ತಂದೆಯರ ಸುದ್ದಿ ಪತ್ರಿಕೆಗಳಲ್ಲಿ ಬರುವುದಿಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು.

ವಡೋದರಾದ ಇರ್ಫಾನ್ ಪಠಾಣರಂತೂ ಅಲಿಯ ನಿಜರೂಪದಂತಿದ್ದಾರೆ. ತಂದೆ ಮಾಂಡ್ವಿಯ ಮಸೀದಿಯಲ್ಲಿ ಸೇವೆಗಿದ್ದವರು. ಇರ್ಫಾನ್ ಮತ್ತು ಯೂಸುಫ್ ಆ ಮಸೀದಿಯ ಆವರಣದಲ್ಲೇ ಆಡಿ ಬೆಳೆದರು. ಇರ್ಫಾನ್‌ಗೆ ಮಾರ್ಗದರ್ಶನ ಮಾಡಿದವರಲ್ಲಿ ದತ್ತಾಜಿರಾವ್ ಗಾಯಕವಾಡರೂ ಒಬ್ಬರು, 1959ರಲ್ಲಿ ಇಂಗ್ಲೆಂಡಿನಲ್ಲಿ ಭಾರತ ತಂಡದ ನಾಯಕರಾಗಿದ್ದವರು. ಗುಜರಾತಿನ ಗಲಭೆ ನಡೆದು ಎರಡು ವರ್ಷ ತುಂಬುವ ಮೊದಲೇ, 2003ರ ಡಿಸೆಂಬರಿನಲ್ಲಿ, ಹತ್ತೊಂಬತ್ತರ ಇರ್ಫಾನ್ ಅಡಿಲೇಡಿನಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಆಡಿದರು. ಹಾಗಾಗಿ ಸಿನಿಮಾದ ಕೊನೆಯಲ್ಲಿ ಅಲಿ ಭಾರತದ ಪರ ಬ್ಯಾಟ್ ಹಿಡಿದು ನಿಲ್ಲುವುದನ್ನು ಬರೀ ಕನಸುಗಾರಿಕೆ ಎಂದು ತಳ್ಳಿಹಾಕಲಾರೆ.

ನನ್ನ ತಕರಾರು ಬೇರೆ. ಆ ಹೊತ್ತಿಗೆ ಈಶಾನ್ ಸತ್ತಿದ್ದಾನೆ. ಕಾದಂಬರಿಯಲ್ಲಿ ಸಾಯುವವನು ಓಮಿ. ಸಿನಿಮಾದಲ್ಲಿ ರೈಲಿನ ಬೆಂಕಿಯಲ್ಲಿ ಹೆತ್ತವರನ್ನು ಕಳೆದುಕೊಂಡ ಓಮಿಯ ಕೈಯ ಬಂದೂಕಿನಿಂದ ಹೊರಟ ಗುಂಡು ಈಶಾನನಿಗೆ ತಗಲುತ್ತದೆ. ಈ ಬದಲಾವಣೆ ಇಡೀ ಚಿತ್ರದ ಅತ್ಯಂತ ಪ್ರಾಮಾಣಿಕ ಯೋಚನೆ. ಆಟ ಮಕ್ಕಳ ಚಾರಿತ್ರ್ಯ ಕಟ್ಟುತ್ತದೆ ಎಂದು ನಾವು ಶಾಲೆಯ ವಾರ್ಷಿಕೋತ್ಸವಗಳಲ್ಲಿ ಕೇಳಿದ್ದೇವೆ. ಓಮಿ, ಈಶಾನ್ ಇಬ್ಬರೂ ಒಂದೇ ಓಣಿಯ ಗೆಳೆಯರು. ಒಂದೇ ಅಂಗಡಿಯಲ್ಲಿ ಕೂತವರು, ಒಂದೇ ಟಿವಿಯ ಮುಂದೆ ಕೂಗಿದವರು. ಒಬ್ಬನನ್ನು ಆಟ ಅಲಿಯ ಮನೆಯ ಬಾಗಿಲಿಗೆ ಕರೆದೊಯ್ಯಿತು, ಇನ್ನೊಬ್ಬನನ್ನು ತಡೆದು ನಿಲ್ಲಿಸಲಿಲ್ಲ. ಆಟಕ್ಕೆ ಅಷ್ಟು ಶಕ್ತಿಯಿಲ್ಲ. ಈಶಾನ್ ಆ ಹುಡುಗನ ಧರ್ಮಕ್ಕಿಂತ ಮೊದಲು ಅವನ ಬ್ಯಾಟನ್ನು ನೋಡಿದ್ದು ಮಾತ್ರ ವರ್ಷಗಟ್ಟಲೆ ಆಡಿದ್ದರಿಂದ ಬಂದ ದೃಷ್ಟಿ. ಅವನ ಸೋತ ಬಾಲ್ಯದ ಗಳಿಕೆ ಅದು, ಸಣ್ಣದಲ್ಲ.

ಇಷ್ಟನ್ನು ಕಂಡುಕೊಂಡ ಸಿನಿಮಾ ಅದನ್ನೇ ನಂಬಿ ನಿಲ್ಲಬಹುದಿತ್ತು. ಅಲಿ ಭಾರತಕ್ಕೆ ಆಡದೆ, ಎಲ್ಲೋ ಒಂದು ಅಂಗಡಿಯಲ್ಲಿ ಕೂತು, ಸಂಜೆ ಓಣಿಯ ಮಕ್ಕಳಿಗೆ ಬ್ಯಾಟ್ ಹಿಡಿಯಲು ಕಲಿಸುತ್ತಿದ್ದರೆ ಈಶಾನನ ಬದುಕು ವ್ಯರ್ಥವಾಗುತ್ತಿತ್ತೇ? ಸಿನಿಮಾ 'ಬಹುಶಃ ಹೌದು' ಎಂದುಕೊಂಡು ಕವರ್ ಡ್ರೈವ್ ಹೊಡೆಸಿಬಿಡುತ್ತದೆ. ತಮಾಷೆಯೆಂದರೆ ಅಲಿಯ ಪಾತ್ರ ಮಾಡಿದ ದಿಗ್ವಿಜಯ್ ದೇಶಮುಖ್ ಮುಂದೆ ಮಹಾರಾಷ್ಟ್ರಕ್ಕೆ ಆಡಿದ, 2019ರ ಡಿಸೆಂಬರಿನ ಹರಾಜಿನಲ್ಲಿ ಮುಂಬೈ ಇಂಡಿಯನ್ಸ್ ಅವನನ್ನು 20 ಲಕ್ಷಕ್ಕೆ ಕೊಂಡಿತು. ಸಿನಿಮಾದ ಹುಡುಗ ನಿಜವಾಗಿಯೂ ಗೆದ್ದ ಎಂದು ಸುದ್ದಿಯಾಯಿತು. ಗೆಲುವಿನ ಅಳತೆಗೋಲು ಪರದೆಯ ಹೊರಗೂ ಅದೇ.

ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ನಮ್ಮವರ ಮಕ್ಕಳೂ ಬೆಳಗ್ಗೆ ಕಿಟ್ ಹೊತ್ತು ಹೊರಡುತ್ತಾರೆ. "ಇವನು ಏನಾದರೂ ಆಗ್ತಾನಾ ಸರ್?" ಎಂಬ ಪ್ರಶ್ನೆ ಫೀಸಿನ ಜೊತೆಗೇ ಕೋಚ್ ಮುಂದೆ ಬರುತ್ತದೆ. ಕೇಳುವ ಅಪ್ಪ ಅಮ್ಮನದು ತಪ್ಪಲ್ಲ, ಖರ್ಚು ಅವರದು. ಆದರೂ ಅವರು 'ಕಾಯ್ ಪೋ ಛೆ'ಯನ್ನು ಇನ್ನೊಮ್ಮೆ ನೋಡಲಿ, ಕೊನೆಯ ಹೊಡೆತಕ್ಕಾಗಿ ಕಾಯದೆ, ಈಶಾನನ ಮೇಲೆ ಕಣ್ಣಿಟ್ಟು.