ಮರಿ ಬಿಟ್ಟರೆ ಹೊಳೆ ತುಂಬೀತೇ?

ಕೃಷ್ಣಾ ಕಣಿವೆಯ ಮೀನುಗಳಿಗೆ ಹೊಸ ವರ್ಷ ಶುರುವಾಗುವುದು ಮುಂಗಾರಿನ ಮೊದಲ ಕೆಂಪು ನೀರಿನಿಂದ. ಮಹಾಬಳೇಶ್ವರದ ಕಡೆ ಮಳೆ ಹಿಡಿದು ಹೊಳೆಗೆ ಹೊಸ ನೀರು ಬಂತೆಂದರೆ, ಬೇಸಿಗೆಯುದ್ದಕ್ಕೂ ಮಡುಗಳಲ್ಲಿ ತಂಗಿದ್ದ ಗೆಂಡೆಗಳು ಸೆಳವಿಗೆ ಎದುರಾಗಿ ಮೇಲಕ್ಕೆ ಹತ್ತುತ್ತವೆ. ಕೆಲವು ಜಾತಿಗಳಿಗೆ ಮುಳುಗಿದ ದಂಡೆಯ ತೆಳು ನೀರು ಸಾಕು. ಮಹಶೀರ್‌ಗೆ ಮಾತ್ರ ಹರಳುಗಲ್ಲಿನ ತಳವೇ ಬೇಕು. ಉತ್ತರ ಅಮೆರಿಕದ ಸಾಲ್ಮನ್ ಕಡಲಿನಿಂದ ಹೊಳೆಗೆ ಬರುತ್ತದೆ, ಇಲ್ಲಿನ ಮೀನು ಹೊಳೆಯಿಂದ ಹೊಳೆಗೇ ಹೋಗುತ್ತದೆ. ದೂರದಲ್ಲಿ ವ್ಯತ್ಯಾಸವಿದೆಯೇ ಹೊರತು ಬೇಡಿಕೆಯಲ್ಲಿ ಇಲ್ಲ: ತೆರೆದ ದಾರಿ, ಹರಿಯುವ ನೀರು, ಕೆಸರು ಕೂರದ ಕಲ್ಲು.

ಆ ಕಲ್ಲಿನ ಬೆಲೆ ತಿಳಿಯಬೇಕಾದರೆ ಮೊಟ್ಟೆಯನ್ನು ನೋಡಬೇಕು. ದಖನಿನ ಮಹಶೀರ್‌ನ ಮೊಟ್ಟೆ ಹೊಂಬಣ್ಣದ್ದು, ಸುಮಾರು ಮೂರು ಮಿಲಿಮೀಟರ್ ಗಾತ್ರದ್ದು. ತೇಲುವುದಿಲ್ಲ, ತಳಕ್ಕಿಳಿದು ಕಲ್ಲುಗಳ ನಡುವೆ ಕೂರುತ್ತದೆ. ಮೂರು ನಾಲ್ಕು ದಿನಕ್ಕೆ ಒಡೆದು ಬಂದ ಮರಿಗೆ ಈಜು ಬಾರದು. ಹೊಟ್ಟೆಯಡಿಯ ಹಳದಿ ಚೀಲವನ್ನೇ ಉಣ್ಣುತ್ತ, ಬೆಳಕಿಗೆ ಹೆದರಿ, ಕಲ್ಲಿನ ಸಂದಿಗೆ ತಲೆ ತೂರಿಸಿಕೊಂಡು ಕೆಲವು ದಿನ ಬಿದ್ದಿರುತ್ತದೆ. ಆ ಸಂದಿಯಲ್ಲಿ ನೀರು ಆಡುತ್ತಿದ್ದರೆ ಬದುಕು. ಹೂಳು ತುಂಬಿದರೆ ಉಸಿರು ಕಟ್ಟಿತು.

ಈ ಮೀನಿಗೆ ಶಾಸ್ತ್ರದ ಹೆಸರು ಸಿಕ್ಕಿದ್ದು ಕೃಷ್ಣಾ ಕಣಿವೆಯಲ್ಲೇ. ಮುಂಬಯಿ ಸರ್ಕಾರದ ಅಂಕಿಅಂಶ ಅಧಿಕಾರಿಯಾಗಿದ್ದ ಕರ್ನಲ್ ಸೈಕ್ಸ್ ಪುಣೆಯ ಪೂರ್ವಕ್ಕೆ ಮುಳಾ-ಮುಠಾ ಹೊಳೆಯಲ್ಲಿ ಸಿಕ್ಕ ಮೀನನ್ನು 1839ರಲ್ಲಿ ವರ್ಣಿಸಿ 'ಖುದ್ರೀ' ಎಂದು ಕರೆದ. ಆ ನೀರು ಭೀಮೆಗೆ ಸೇರಿ ಕೃಷ್ಣೆಗೆ ಬರುತ್ತದೆ. ಇಂದು 'ಅಳಿವಿನ ಅಂಚಿನಲ್ಲಿರುವ' ಜಾತಿಗಳ ಪಟ್ಟಿ ಸೇರಿರುವ ಸಿಲೋನಿಯಾ ಚಿಲ್ಡ್ರನಿ ಎಂಬ ಮೀನನ್ನು ಲೋಕಕ್ಕೆ ಪರಿಚಯಿಸಿದ್ದೂ ಅದೇ ವರ್ಷದ ಅದೇ ಬರಹ.

ಇದೇ ಕಣಿವೆಯ ಬಾಡಗಂಡಿ, ಬೀಳಗಿ, ಅನಗವಾಡಿ ಸುತ್ತಿನ ಸೀಮೆ ಎರಡು ಹೊಳೆಗಳ ನಡುವಿನದು. ಚಿಕ್ಕಸಂಗಮದಲ್ಲಿ ಘಟಪ್ರಭೆ ಕೃಷ್ಣೆಯನ್ನು ಕೂಡುತ್ತದೆ. ಅಲ್ಲಿಂದ ಘಟಪ್ರಭೆಯಲ್ಲಿ ಮೇಲಕ್ಕೆ ಹತ್ತುವ ಮೀನಿಗೆ ಪ್ರಕೃತಿಯೇ ಹಾಕಿದ ಗಡಿ ಗೋಕಾಕ ಜಲಪಾತ. 52 ಮೀಟರ್ ಎತ್ತರವನ್ನು ಯಾವ ಮೀನೂ ಹಾರದು. ಹಾಗಾಗಿ ಜಲಪಾತದಿಂದ ಮುಧೋಳದ ಮೇಲೆ ಹಾಯ್ದು ಸಂಗಮದವರೆಗಿನ ಹರಿವೇ ಅದರ ಪಾಲಿಗೆ ಉಳಿದದ್ದು. ಅದರಲ್ಲೂ ಈಗ ಸಾಲು ಬಾಂದಾರಗಳು. ಕೃಷ್ಣೆಯ ಕಡೆ ಹಿಪ್ಪರಗಿ ಬ್ಯಾರೇಜ್ ಇದೆ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ, ಶ್ರಮ ಹಾಕಿ ಕಟ್ಟಿದ ಚಿಕ್ಕಪಡಸಲಗಿಯ ಶ್ರಮಬಿಂದು ಸಾಗರವಿದೆ. ಕೆಳಗೆ 123 ಟಿಎಂಸಿ ಅಡಿಯ ಆಲಮಟ್ಟಿ. ಕಡಲಿನ ಕಡೆಯ ಕಥೆ ಇನ್ನೂ ಹಳೆಯದು. ವಿಜಯವಾಡದಲ್ಲಿ 1850ರ ದಶಕದಲ್ಲೇ ಅಣೆಕಟ್ಟು ಎದ್ದಿತು, ಅದರ ಜಾಗಕ್ಕೆ 1957ರಲ್ಲಿ ಪ್ರಕಾಶಂ ಬ್ಯಾರೇಜ್ ಬಂತು. ಅದರ ಮೇಲೆ ನಾಗಾರ್ಜುನಸಾಗರ, ಶ್ರೀಶೈಲ, ಜುರಾಲಾ, ನಾರಾಯಣಪುರ. ಮೊಟ್ಟೆ ಇಡಲು ಕಡಲಿಗೇ ಇಳಿಯಬೇಕಾದ ಹಾವುಮೀನಿಗೆ ಅಷ್ಟೂ ಗೋಡೆಗಳು ಅಡ್ಡ.

ಉಸುಕು ತೆಗೆಯುವುದು, ಹೊಳೆಗೆ ಸೇರುವ ಕಾರ್ಖಾನೆ ನೀರು, 1952ರಲ್ಲಿ ದೇಶಕ್ಕೆ ಬಂದು ಎಲ್ಲ ಕೆರೆ-ಹೊಳೆಗೂ ಹಬ್ಬಿದ ಜಿಲೇಬಿ ಮೀನು: ಇವುಗಳ ಹಾನಿ ಎಲ್ಲರಿಗೂ ಗೊತ್ತಿದ್ದದ್ದೇ. ಗೊತ್ತಿದ್ದೂ ಒಪ್ಪಿಕೊಳ್ಳದಿರುವುದು ಬೇರೆ ಒಂದಿದೆ. ಅದು ಈ ಅಂಕಣದ ಹಳೆಯ ತಕರಾರು: ಮೀನುಮರಿ ಬಿತ್ತನೆ ಪಂಥ.

ಈ ಪಂಥದ ಸಿದ್ಧಾಂತ ಸರಳ. ಮೀನು ಕಡಿಮೆಯಾಯಿತೇ? ಮರಿ ತಂದು ಬಿಡಿ, ಫೋಟೊ ತೆಗೆಸಿಕೊಳ್ಳಿ. ಬಿಡುವುದು ಬಹುಪಾಲು ಗಂಗಾ ಕಣಿವೆಯ ಕಾಟ್ಲಾ, ರೋಹು, ಮೃಗಾಲ್. ಜಲಾಶಯದ ಮೀನುಗಾರರ ಹೊಟ್ಟೆಪಾಡಿಗೆ ಅದು ಆಸರೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದು ಸಾಕಣೆ. ಅದಕ್ಕೆ ಹೊಳೆಯ ಪುನಶ್ಚೇತನ ಎಂಬ ಫಲಕ ತಗುಲಿಸುವುದು ತಪ್ಪು. ಮೊಟ್ಟೆ ಇಡಲು ಜಾಗವಿಲ್ಲದ ನೀರಿಗೆ ಪ್ರತಿ ವರ್ಷ ಮರಿ ಸುರಿಯುತ್ತಲೇ ಇರಬೇಕಾಗುತ್ತದೆ. ಹೊಳೆಯಲ್ಲೇ ಹುಟ್ಟಿದ ಮರಿ ಉಳಿಯಬೇಕು ಎಂಬ ಮಾತನ್ನು ಮಂಗಳೂರಿನಲ್ಲಿ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ ಒಂದೂವರೆ ಶತಮಾನದ ಹಿಂದೆಯೇ ಹಿಡಿದಿದ್ದ. ಗಾತ್ರಕ್ಕೆ ಹೋಲಿಸಿದರೆ ಗಾಳದಲ್ಲಿ ಮಹಶೀರ್ ಸಾಲ್ಮನ್‌ಗಿಂತ ಗಟ್ಟಿ ಎಂದು ಅವನು 1873ರ 'ದಿ ರಾಡ್ ಇನ್ ಇಂಡಿಯಾ'ದಲ್ಲಿ ಹೊಗಳಿದ್ದು ಗಾಳ ಹಾಕುವವರಿಗೆಲ್ಲ ಬಾಯಿಪಾಠ. ವಿಷ ಹಾಕುವುದರ, ಸಣ್ಣ ಕಣ್ಣಿನ ಬಲೆಯಲ್ಲಿ ಮರಿ ಬಾಚುವುದರ ವಿರುದ್ಧ ಅವನು ಹೂಡಿದ ವಾದ ಮಾತ್ರ ಯಾರಿಗೂ ನೆನಪಿಲ್ಲ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ಹೊಳೆಗೆ ಸಿಡಿಮದ್ದು, ವಿಷ ಹಾಕುವುದನ್ನು ಅಪರಾಧವೆಂದಿತು. ಆದರೂ 1996ರಲ್ಲಿ ದಕ್ಷಿಣ ಕನ್ನಡದ ಶಿಶಿಲದಲ್ಲಿ ದೇವರ ಮೀನುಗಳಿಗೇ ವಿಷ ಬಿತ್ತು. ಸತ್ತ ಮೀನುಗಳಿಗೆ ಊರವರು ಸ್ಮಾರಕ ಕಟ್ಟಿದರು.

ಬಿತ್ತನೆ ಪಂಥದ ದೊಡ್ಡ ಪಾಠ ಇರುವುದು ಕಾವೇರಿಯಲ್ಲಿ. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಯ ಮಡುಗಳಲ್ಲಿ ಗೂನುಬೆನ್ನಿನ ಮಹಶೀರ್ ಇತ್ತು; ಲೋಕದಲ್ಲಿ ಕಾವೇರಿ ಕಣಿವೆಯಲ್ಲಿ ಬಿಟ್ಟರೆ ಬೇರೆಲ್ಲೂ ಇರದ ಜಾತಿ. ಅದನ್ನು ಉಳಿಸುವ ಸದುದ್ದೇಶದಿಂದಲೇ ಲೋಣಾವಳಾದ ಟಾಟಾ ಮರಿ ಕೇಂದ್ರದ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಆ ಮರಿಗಳು ಬೇರೆ ಜಾತಿಯವು: ಸೈಕ್ಸ್ ವರ್ಣಿಸಿದ ಅದೇ ಖುದ್ರೀ. ಅವು ಹೆಚ್ಚಿದವು, ಗೂನುಬೆನ್ನಿನದು ಕುಸಿಯಿತು. ಗಾಳದವರು ವರ್ಷಗಟ್ಟಲೆ ಬರೆದಿಟ್ಟ ದಾಖಲೆಗಳನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದ ಸಂಶೋಧಕರು ಜೋಡಿಸಿ ನೋಡಿದಾಗ 2015ರ ಹೊತ್ತಿಗೆ ಚಿತ್ರ ಸ್ಪಷ್ಟವಾಯಿತು. 2018ರಲ್ಲಿ ಆ ಮೀನಿಗೆ ಟಾರ್ ರೆಮಾದೇವಿ ಎಂಬ ಹೆಸರು ಖಚಿತವಾಯಿತು; ಅದೇ ವರ್ಷ 'ತೀವ್ರ ಅಳಿವಿನ ಅಂಚಿನ' ಪಟ್ಟಿಗೂ ಸೇರಿತು. ತನ್ನ ತವರಿನಲ್ಲಿ ನೆಲೆ ಕಳೆದುಕೊಳ್ಳುತ್ತಿರುವ ಕೃಷ್ಣೆಯ ಮೀನು ಪರರ ಹೊಳೆಯಲ್ಲಿ ಕಂಟಕವಾಯಿತು. ಮೀನು ಬದಲಾದದ್ದಲ್ಲ, ಅದನ್ನು ಹೊತ್ತೊಯ್ದವರಿಗೆ ಹೊಳೆ ಹೊಳೆಗೆ ಇರುವ ಭೇದ ಕಾಣಲಿಲ್ಲ.

ಸಾಲ್ಮನ್ ನಾಡಿನಲ್ಲಿ ಗಾಳಿ ತಿರುಗಿದೆ. ಎಲ್ವಾ ಹೊಳೆಯ ಎರಡು ಅಣೆಕಟ್ಟುಗಳನ್ನು 2011ರಿಂದ 2014ರೊಳಗೆ ಕೆಡವಿದರು. ಕ್ಲಾಮತ್ ಹೊಳೆಯಲ್ಲಿ ಕೆಡವಿದ ನಾಲ್ಕು ಅಣೆಕಟ್ಟುಗಳಲ್ಲಿ ಕೊನೆಯದು 2024ರಲ್ಲಿ ಹೋಯಿತು. ಅದೇ ಅಕ್ಟೋಬರ್‌ನಲ್ಲಿ ಸಾಲ್ಮನ್ ಮೇಲ್ಭಾಗಕ್ಕೆ ಹತ್ತಿದ್ದು ದಾಖಲಾಯಿತು. ಆಲಮಟ್ಟಿಗೆ ಆ ಮಾತು ಸಲ್ಲದು. ಮುಳುಗಿದ ಹಳ್ಳಿಗಳ ಋಣ ಅದರ ಮೇಲಿದೆ, ಕಬ್ಬು-ಗೋವಿನಜೋಳದ ಬದುಕು ಅದಕ್ಕೆ ಅಂಟಿದೆ. ಆದರೆ ಬ್ಯಾರೇಜು, ಬಾಂದಾರಗಳಿಗೆ ಗೇಟುಗಳಿವೆ. ಮೊದಲ ಕೆಂಪು ನೀರಿಗೇ ಅವನ್ನು ಪೂರ್ತಿ ತೆಗೆದು, ಮೀನು ಹತ್ತಿ ಮುಗಿಯುವತನಕ ಇಳಿಸದಿದ್ದರೆ ದಾರಿಯ ಅರ್ಧ ತಕರಾರು ತೀರುತ್ತದೆ. ಬಾಂದಾರದ ಬುಡದಲ್ಲಿ ಆ ದಿನಗಳಲ್ಲಿ ಬಲೆ ಬೀಳಬಾರದು. ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಜೂನ್ 1ರಿಂದ 61 ದಿನ ದಡದಲ್ಲೇ ಇರುತ್ತವೆ, ಹೊಳೆಗೂ ಅಂಥದೇ ಶಿಸ್ತು ಬೇಕು. ಗೋಕಾಕ ಜಲಪಾತದ ಕೆಳಗಿನ ಹರಳುಗಲ್ಲಿನ ತಾಣಗಳನ್ನು ಗುರುತಿಸಿ ಅಲ್ಲಿ ಉಸುಕು ಮುಟ್ಟಬಾರದು.

ಉಳಿದದ್ದು ನೀರು. ಕೃಷ್ಣಾ ನೀರು ಹಂಚಿಕೆಯ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ ಆಲಮಟ್ಟಿಯ ಎತ್ತರವನ್ನು 524.256 ಮೀಟರ್‌ಗೆ ಒಪ್ಪಿದ್ದು ಈ ಸೀಮೆಯ ಮಕ್ಕಳಿಗೂ ಗೊತ್ತು. ಅದೇ ತೀರ್ಪು ಕರ್ನಾಟಕದ ಪಾಲಿನಲ್ಲಿ 7 ಟಿಎಂಸಿ ಅಡಿ ನೀರನ್ನು ಹೊಳೆಯ ಕನಿಷ್ಠ ಹರಿವಿಗೆಂದೇ ತೆಗೆದಿಟ್ಟಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ಗೆಜೆಟ್ ಪ್ರಕಟಣೆಗೆ ತಡೆ ಕೊಟ್ಟ ಮೇಲೆ ಎತ್ತರದ ಬಗ್ಗೆ ಹೋರಾಟಗಳು ನಡೆದಿವೆ. ಆ 7 ಟಿಎಂಸಿಯನ್ನೂ ಬೇಡಿಕೆ ಪಟ್ಟಿಯಲ್ಲಿ ಸೇರಿಸಿ ಕೇಳಬೇಕು.