ಬಾಕ್ಸಿನ ಮೇಲೆ ಇಲ್ಲದ್ದು

ಹೊಸದಾಗಿ ಪಿಸಿ ಕಟ್ಟಿಸಿಕೊಳ್ಳುವ ಆಫೀಸಿನ ಹುಡುಗರು ಪಾರ್ಟ್ಸ್ ಪಟ್ಟಿ ಕಳಿಸಿ “ಒಂದ್ಸಲ ನೋಡಿ ಹೇಳಿ ಅಣ್ಣಾ” ಅಂತಾರೆ. ಪಟ್ಟಿಗಳೆಲ್ಲ ಹೆಚ್ಚುಕಮ್ಮಿ ಒಂದೇ ತರ ಇರುತ್ತವೆ. ಪ್ರೊಸೆಸರ್ ಹದವಾದದ್ದು, ರೈಝನ್ 5 7600 ಅಂದುಕೊಳ್ಳಿ. ಅದನ್ನು ಕೂರಿಸೋದಕ್ಕೆ ಪ್ರೊಸೆಸರಿಗಿಂತ ದುಬಾರಿಯಾದ ಎಕ್ಸ್670ಇ ಮದರ್‌ಬೋರ್ಡ್. ಯಾಕಪ್ಪಾ ಹೀಗೆ ಅಂದರೆ ಉತ್ತರವೂ ಒಂದೇ: “ಫ್ಯೂಚರ್ ಪ್ರೂಫ್ ಆಗಿರ್ಲಿ ಅಂತ.”

ಈ ಮಾತು ಹುಡುಗರದ್ದಲ್ಲ. ಬೋರ್ಡ್ ತಯಾರಿಸುವ ಕಂಪನಿಗಳದ್ದು, ಯೂಟ್ಯೂಬಿನಲ್ಲಿ ಅದನ್ನು ವಿಮರ್ಶೆ ಮಾಡುವವರದ್ದು. ಪುಸ್ತಕ, ಸಿನಿಮಾ, ಹೋಟೆಲಿನ ದೋಸೆ ಎಲ್ಲಕ್ಕೂ ನಮ್ಮಲ್ಲಿ ಕಟುವಾದ ವಿಮರ್ಶಕರಿದ್ದಾರೆ. ತಿಂಗಳ ಸಂಬಳದ ದೊಡ್ಡ ಪಾಲು ನುಂಗುವ ಮದರ್‌ಬೋರ್ಡ್ ಬಾಕ್ಸಿನ ಬರಹವನ್ನು ಮಾತ್ರ ಯಾರೂ ಸಾಲು ಸಾಲಾಗಿ ಓದಿ ಜಗಳ ಆಡಲ್ಲ. ಇವತ್ತು ಆ ಕೆಲಸ ಮಾಡೋಣ ಅಂತಿದ್ದೇನೆ.

ಮೊದಲು ಅತಿ ದಪ್ಪ ಅಕ್ಷರದಲ್ಲಿ ಅಚ್ಚಾಗುವ ಸಂಖ್ಯೆ ತಗೊಳ್ಳಿ: “16+2+2 ಪವರ್ ಫೇಸ್.” ಪವರ್ ಸಪ್ಲೈ 12 ವೋಲ್ಟ್ ಕೊಡುತ್ತದೆ, ಪ್ರೊಸೆಸರಿಗೆ ಬೇಕಾದದ್ದು ಒಂದು ವೋಲ್ಟಿನ ಆಸುಪಾಸು. ಈ ಇಳಿಸುವ ಕೆಲಸ ಮಾಡೋದು ಸಾಕೆಟ್ ಸುತ್ತ ಇರುವ ವಿಆರ್‌ಎಂ ಸರ್ಕ್ಯೂಟ್. ಫೇಸ್ ಹೆಚ್ಚಿದ್ದಷ್ಟೂ ಭಾರ ಹಂಚಿಹೋಗುತ್ತದೆ, ಬಿಸಿ ಕಡಿಮೆಯಾಗುತ್ತದೆ ಅನ್ನೋದು ನಿಜ. ಆದರೆ ಎಷ್ಟೋ ಬೋರ್ಡುಗಳಲ್ಲಿ 16 ಅಂತ ಹೇಳಿಕೊಳ್ಳುವುದು ನಿಯಂತ್ರಕ ಚಿಪ್ಪಿನಿಂದ ಹೊರಡುವ 8 ದಾರಿಗಳನ್ನು ಜೋಡಿ ಜೋಡಿಯಾಗಿ ಮಾಡಿದ್ದು. ಅದೂ ಕೆಟ್ಟ ವಿನ್ಯಾಸವೇನಲ್ಲ, ಕೆಲವೊಮ್ಮೆ ಒಳ್ಳೆಯದೇ. ನನ್ನ ತಕರಾರು ಬೇರೆ. ಒಂದೊಂದು ಫೇಸಿಗೆ ಎಷ್ಟು ಆಂಪಿಯರ್ ತಡೆಯುವ ಭಾಗ ಹಾಕಿದ್ದಾರೆ, ಮೇಲಿನ ಹೀಟ್‌ಸಿಂಕ್ ನಿಜವಾಗಿ ಶಾಖ ಎಳೆಯುತ್ತದೋ ಅಥವಾ ಬರೀ ಅಲಂಕಾರದ ಮುಚ್ಚಳವೋ ಅನ್ನುವುದು ತಿಳಿಯದೆ ಆ ಸಂಖ್ಯೆಗೆ ಅರ್ಥವಿಲ್ಲ. ಇನ್ನು ರೈಝನ್ 5 7600ಕ್ಕೆ ಎಎಂಡಿ ಹಾಕಿರುವ ವಿದ್ಯುತ್ ಮಿತಿ 88 ವ್ಯಾಟ್. ಅಷ್ಟನ್ನು ಪಾಪದ ಬಿ650 ಬೋರ್ಡ್ ಕೂಡ ಬೆವರದೆ ಕೊಡುತ್ತದೆ. ಎ620 ಬೋರ್ಡನ್ನು ಮಾಡಿರುವುದೇ ಇಂಥ 65 ವ್ಯಾಟ್ ವರ್ಗದ ಪ್ರೊಸೆಸರುಗಳಿಗೆ. ಒಂದು ಸ್ಕೂಟರ್ ನಿಲ್ಲಿಸೋಕೆ ಲಾರಿ ಶೆಡ್ ಕಟ್ಟಿಸಿದ ಹಾಗೆ ಈ ಹದಿನಾರು ಫೇಸು.

ಎರಡನೆಯದು ಮೆಮೊರಿ. ಬಾಕ್ಸಿನ ಮೇಲೆ “ಡಿಡಿಆರ್5 8000+”, ಪಕ್ಕದಲ್ಲಿ ಇರುವೆ ಗಾತ್ರದಲ್ಲಿ “ಓಸಿ”. ನಾಲ್ಕು ಸ್ಲಾಟಿನ ಫೋಟೋ. ನೋಡಿದವರು ಏನಂದುಕೊಳ್ಳುತ್ತಾರೆ? ಈಗ 32 ಜಿಬಿಯ ಎರಡು ಕಡ್ಡಿ ಹಾಕೋಣ, ಮುಂದೆ ಬೋನಸ್ ಬಂದಾಗ ಇನ್ನೆರಡು ಸೇರಿಸೋಣ ಅಂತ. ಆದರೆ ರೈಝನ್ 7000 ಸರಣಿಗೆ ಎಎಂಡಿಯ ಅಧಿಕೃತ ಲೆಕ್ಕವೇ ಹೀಗಿದೆ: ಎರಡು ಕಡ್ಡಿಗೆ 5200, ನಾಲ್ಕು ಕಡ್ಡಿಗೆ 3600. ಅದಕ್ಕಿಂತ ಮೇಲೆ ಓಡಿದರೆ ನಿಮ್ಮ ಅದೃಷ್ಟ. ವರ್ಚುವಲ್ ಮಷೀನ್, ಡಾಕರ್ ಅಂತ ಮನೆಯಲ್ಲಿ ಗಂಭೀರ ಕೆಲಸ ಮಾಡುವವನಿಗೆ ಇಡೀ ಬಾಕ್ಸಿನ ಎಲ್ಲಾ ಮಾತಿಗಿಂತ ಈ ಒಂದು ಸಾಲು ಮುಖ್ಯ. ಅದು ಬಾಕ್ಸಿನಲ್ಲಿ ಇಲ್ಲ. 64 ಜಿಬಿ ಬೇಕು ಅಂತ ಗೊತ್ತಿದ್ದರೆ ಮೊದಲೇ 32ರ ಎರಡು ಕಡ್ಡಿ ತಗೊಂಡು ಸುಮ್ಮನಾಗಬೇಕು. 16ರ ಎರಡು ತಂದು ಆಮೇಲೆ ಜೋಡಿಸ್ತೀನಿ ಅನ್ನೋ ಲೆಕ್ಕ ಈ ಸಾಕೆಟ್ಟಿನಲ್ಲಿ ನಡೆಯಲ್ಲ.

ಹೆಸರುಗಳ ವಿಷಯಕ್ಕೆ ಬಂದರೆ ನಗು ಬರುತ್ತದೆ. ಎಕ್ಸ್670 ಅಂದರೆ ಬೇರೆ ಚಿಪ್‌ಸೆಟ್ ಅಂದುಕೊಂಡಿದ್ದೀರಾ? ಬಿ650ರಲ್ಲಿ ಒಂದು ಇರುವ ಚಿಪ್ಪು ಅದರಲ್ಲಿ ಎರಡಿದೆ, ಒಂದರ ಬಾಲಕ್ಕೆ ಇನ್ನೊಂದು ಕಟ್ಟಿದ್ದಾರೆ. ಹೆಚ್ಚುವರಿ ಯುಎಸ್‌ಬಿ, ಹೆಚ್ಚುವರಿ ಎಂ.2 ಸ್ಲಾಟ್ ಸಿಗುತ್ತದೆ, ಪ್ರೊಸೆಸರ್ ಒಂದು ಕೂದಲೂ ವೇಗವಾಗುವುದಿಲ್ಲ. 2024ರಲ್ಲಿ ಬಂದ ಎಕ್ಸ್870ರಲ್ಲಿ ಮತ್ತೆ ಅದೇ ಚಿಪ್ಪು ಒಂದೇ ಒಂದು; ಯುಎಸ್‌ಬಿ4 ಕಡ್ಡಾಯ ಮಾಡಿ ಹೆಸರು ಬದಲಿಸಿದರು. ಅಂದರೆ ಹೊಸ ಎಕ್ಸ್870, ಹಳೆಯ ಬಿ650ಇಗೆ ಹತ್ತಿರದ ನೆಂಟ, ಎಕ್ಸ್670ಗಲ್ಲ. ಬಿ840 ಇನ್ನೂ ಮಜಾ. ಬಿ850ಗಿಂತ ಹತ್ತು ಕಡಿಮೆ ಅಷ್ಟೇ ತಾನೇ ಅನ್ನಿಸುತ್ತದೆ. ಆದರೆ ಅದರ ಚಿಪ್‌ಸೆಟ್ ಪಿಸಿಐಇ 3.0ದ್ದು, ಪ್ರೊಸೆಸರ್ ಓವರ್‌ಕ್ಲಾಕಿಂಗ್ ಇಲ್ಲ. ಗುಣದಲ್ಲಿ ‘ಎ’ ಸಾಲಿಗೆ ಸೇರಬೇಕಾದದ್ದಕ್ಕೆ ‘ಬಿ’ ಅಂಗಿ ತೊಡಿಸಿದ್ದಾರೆ. ಇದನ್ನು ಗೊಂದಲ ಅಂತ ಕರೆಯಲು ನನಗೆ ಮನಸ್ಸಿಲ್ಲ. ಗೊಂದಲ ಅಚಾತುರ್ಯದಿಂದ ಆಗುತ್ತದೆ, ಇದನ್ನು ಕೂತು ಯೋಚಿಸಿಯೇ ಮಾಡಿದ್ದಾರೆ.

ಇಷ್ಟೆಲ್ಲ ಆದರೂ ಬೋರ್ಡ್ ಕಂಪನಿಗಳ ಕೆಲಸ ಮಾರೋದು, ಮಾರಲಿ ಬಿಡಿ. ನನಗೆ ಹೆಚ್ಚು ಸಿಟ್ಟಿರುವುದು ವಿಮರ್ಶಕರ ಮೇಲೆ.

ಪ್ರೊಸೆಸರ್ ವಿಮರ್ಶೆಯಲ್ಲಿ ಮಾರುಕಟ್ಟೆಯ ಅತಿ ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿ, 1080ಪಿ ರೆಸಲ್ಯೂಷನ್ನಿನಲ್ಲಿ ಆಟ ಆಡಿಸಿ ಅಳೆಯುತ್ತಾರೆ. ವಿಧಾನ ಸರಿಯಾಗಿಯೇ ಇದೆ. ಗ್ರಾಫಿಕ್ಸ್ ಕಾರ್ಡ್ ಅಡ್ಡಬಾರದ ಹಾಗೆ ಮಾಡಿದರೆ ತಾನೇ ಪ್ರೊಸೆಸರುಗಳ ನಡುವಿನ ವ್ಯತ್ಯಾಸ ಕಾಣೋದು? ಆದರೆ ಅಲ್ಲಿ ಬಂದ ವ್ಯತ್ಯಾಸವನ್ನು ಹಾಗೇ ಎತ್ತಿಕೊಂಡು “ಇದನ್ನೇ ತಗೊಳ್ಳಿ” ಅನ್ನುವಾಗ ನಡುವೆ ಒಂದು ಮೆಟ್ಟಿಲು ಬಿಟ್ಟುಹೋಗುತ್ತದೆ. ನೋಡುವ ಹುಡುಗನ ಬಳಿ ಇರೋದು ಆರ್‌ಟಿಎಕ್ಸ್ 4060, ಮಾನಿಟರ್ 1440ಪಿ. ಅವನ ಮನೆಯಲ್ಲಿ ಹೆಚ್ಚಿನ ಆಟಗಳಲ್ಲಿ ಕಾರ್ಡೇ ಮೊದಲು ಏದುಸಿರು ಬಿಡುತ್ತದೆ, ಗ್ರಾಫಿನಲ್ಲಿ ಕಂಡ ವ್ಯತ್ಯಾಸದಲ್ಲಿ ಬಹುಪಾಲು ಅವನ ಪರದೆಗೆ ಬರುವುದೇ ಇಲ್ಲ.

ಇದಾದರೂ ದುಡ್ಡಿನ ಮಾತು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕಥೆ ಅದಕ್ಕಿಂತ ಕೆಟ್ಟದ್ದು. ಐ9-14900ಕೆಗೆ ಇಂಟೆಲ್ ಹಾಳೆಯಲ್ಲಿ ಬರೆದ ಗರಿಷ್ಠ ಟರ್ಬೊ ವಿದ್ಯುತ್ 253 ವ್ಯಾಟ್. ಹಲವು ಝಡ್790 ಬೋರ್ಡುಗಳು ಬಾಕ್ಸಿನಿಂದ ತೆಗೆದ ಕೂಡಲೇ, ಬಯಾಸ್‌ನಲ್ಲಿ ಏನೂ ಮುಟ್ಟದಿದ್ದರೂ, ಆ ಮಿತಿಯನ್ನು 4096 ವ್ಯಾಟ್ ಅಂತ ಇಟ್ಟಿರುತ್ತಿದ್ದವು. ಅಂದರೆ ಮಿತಿಯೇ ಇಲ್ಲ. ಯಾಕೆ? ಪಕ್ಕದ ಕಂಪನಿಯ ಬೋರ್ಡಿಗಿಂತ ಬೆಂಚ್‌ಮಾರ್ಕಿನಲ್ಲಿ ನಾಲ್ಕು ಅಂಕ ಮೇಲಿರಲಿ ಅಂತ. ವಿಮರ್ಶಕರಲ್ಲಿ ಅನೇಕರು ಅದೇ ಸೆಟ್ಟಿಂಗಿನಲ್ಲಿ ಅಳೆದರು, ಗ್ರಾಫ್ ಹಾಕಿದರು, ಅಂಕ ಕೊಟ್ಟರು.

ಆಮೇಲೆ ಜನರ ಕಂಪ್ಯೂಟರುಗಳು ಕುಸಿಯತೊಡಗಿದವು. ಅನ್‌ರಿಯಲ್ ಎಂಜಿನ್‌ನಲ್ಲಿ ಮಾಡಿದ ಆಟಗಳು ‘ವಿಡಿಯೋ ಮೆಮೊರಿ ಸಾಲದು’ ಅಂತ ಹೇಳಿ ನಿಂತುಹೋಗುತ್ತಿದ್ದವು. ಹೀಗೆ ಹೇಳಿದರೆ ಯಾರ ಮೇಲೆ ಅನುಮಾನ ಬರುತ್ತದೆ? ಗ್ರಾಫಿಕ್ಸ್ ಕಾರ್ಡಿನ ಮೇಲೆ. ಚೆನ್ನಾಗಿದ್ದ ಕಾರ್ಡ್ ಬದಲಿಸಿದರು, ವಿಂಡೋಸ್ ಮತ್ತೆ ಮತ್ತೆ ಹಾಕಿದರು. ರೋಗ ಇದ್ದದ್ದು ಪ್ರೊಸೆಸರಿನಲ್ಲಿ. 2024ರ ಏಪ್ರಿಲ್ ಹೊತ್ತಿಗೆ ಬೆರಳು ಬೋರ್ಡ್ ಕಂಪನಿಗಳ ಕಡೆ ತೋರುತ್ತಿತ್ತು. ಜುಲೈನಲ್ಲಿ ಇಂಟೆಲ್ ತನ್ನದೇ ಮೈಕ್ರೋಕೋಡ್ ಪ್ರೊಸೆಸರಿಗೆ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿದೆ ಅಂತ ಒಪ್ಪಿಕೊಂಡಿತು. ಆಗಸ್ಟಿನಲ್ಲಿ ತಿದ್ದಿದ ಮೈಕ್ರೋಕೋಡ್ ಬಂತು, ವಾರಂಟಿಗೆ ಎರಡು ವರ್ಷ ಸೇರಿತು. ಆದರೆ ಆಗಲೇ ಸವೆದ ಚಿಪ್ಪನ್ನು ಯಾವ ಅಪ್‌ಡೇಟೂ ಸರಿಮಾಡುವುದಿಲ್ಲ, ಅದನ್ನು ಬದಲಿಸಿಯೇ ಕೊಡಬೇಕು.

ವೋಲ್ಟೇಜಿನ ತಪ್ಪಿಗೆ ವಿಮರ್ಶಕರು ಹೊಣೆ ಅಂತ ನಾನು ಹೇಳ್ತಿಲ್ಲ. ಅದನ್ನು ಬಯಲಿಗೆ ಎಳೆಯುವುದರಲ್ಲೂ ಅವರಲ್ಲಿ ಕೆಲವರ ಪಾಲು ದೊಡ್ಡದು. ಆದರೆ ಮಿತಿಯಿಲ್ಲದ ವಿದ್ಯುತ್ತಿಗೆ ಬಹುಮಾನ ಸಿಗುವ ಓಟದ ಸ್ಪರ್ಧೆ ಏರ್ಪಡಿಸಿದವರು ಯಾರು? 253 ವ್ಯಾಟಿಗೆ ಕಟ್ಟಿಹಾಕಿ ಅಳೆದ ಒಂದು ಗ್ರಾಫನ್ನು ಮೊದಲ ದಿನದಿಂದಲೇ ಪಕ್ಕದಲ್ಲಿಟ್ಟಿದ್ದರೆ, ಕೊನೆಯ ನಾಲ್ಕು ಅಂಕಕ್ಕೆ ಎಷ್ಟು ಕರೆಂಟು ಸುಡುತ್ತಿದೆ ಅಂತ ಎಲ್ಲರಿಗೂ ಕಾಣುತ್ತಿತ್ತು.

ಎಎಂಡಿಯವರು ಸಾಚಾ ಅಂದುಕೊಳ್ಳಬೇಡಿ. 2023ರ ಏಪ್ರಿಲ್‌ನಲ್ಲಿ 7800ಎಕ್ಸ್3ಡಿ ಪ್ರೊಸೆಸರುಗಳು ಸಾಕೆಟ್ಟಿನಲ್ಲೇ ಸುಟ್ಟ ಸುದ್ದಿ ಬಂತು. ಅಲ್ಲೂ ಬೋರ್ಡುಗಳು ಎಸ್‌ಒಸಿ ವೋಲ್ಟೇಜ್ ಏರಿಸಿ ಕೂತಿದ್ದವು. ಕೊನೆಗೆ ಎಎಂಡಿ 1.3 ವೋಲ್ಟಿಗೆ ಬೇಲಿ ಹಾಕಿತು. ಆಟ ಆಡುವಾಗ ಸಾಮಾನ್ಯವಾಗಿ ನೂರು ವ್ಯಾಟಿನ ಒಳಗೇ ಇರುವ ಪ್ರೊಸೆಸರ್ ಅದು. ಅಷ್ಟು ಮಿತಾಹಾರಿಗೂ ಬಲವಂತದ ಊಟ ಬಡಿಸುವಷ್ಟು ಉತ್ಸಾಹ ಬೋರ್ಡಿನವರಿಗೆ.

ಈಗ ‘ಫ್ಯೂಚರ್ ಪ್ರೂಫ್’ ಮಾತಿಗೆ ಬರ್ತೀನಿ. ಬೋರ್ಡಿನ ಭವಿಷ್ಯ ಇರುವುದು ಅದರ ಬೆಲೆಯಲ್ಲಿ ಅಲ್ಲ, ಸಾಕೆಟ್ಟಿನಲ್ಲಿ. 2017ರ ಜನವರಿಯಲ್ಲಿ ಝಡ್270 ಬೋರ್ಡಿಗೆ ದುಡ್ಡು ಸುರಿದವರನ್ನು ನೆನಪು ಮಾಡಿಕೊಳ್ಳಿ. ಅದೇ ವರ್ಷ ಅಕ್ಟೋಬರಿನಲ್ಲಿ ಇಂಟೆಲ್ ಆರು ಕೋರಿನ ಹೊಸ ಪ್ರೊಸೆಸರ್ ತಂದಿತು. ಸಾಕೆಟ್ಟಿನ ಹೆಸರು ಅದೇ ಎಲ್‌ಜಿಎ 1151, ಪಿನ್ನುಗಳ ಸಂಖ್ಯೆಯೂ ಅಷ್ಟೇ, ಕೂರಿಸಿದರೆ ಕೂರುತ್ತದೆ, ಆದರೆ ಓಡುವುದಿಲ್ಲ. ಒಂಬತ್ತು ತಿಂಗಳಿಗೆ ಭವಿಷ್ಯ ಮುಗಿಯಿತು. ಪಿನ್ನುಗಳಲ್ಲಿ ವಿದ್ಯುತ್ ಹಂಚಿಕೆ ಬದಲಾಗಿದೆ ಅನ್ನುವುದು ಕಂಪನಿಯ ಕಾರಣ. ಹಟವಾದಿ ಹವ್ಯಾಸಿಗಳು ಕೆಲವು ಪಿನ್ನಿಗೆ ಟೇಪು ಅಂಟಿಸಿ, ಬಯಾಸ್ ತಿದ್ದಿ, ಹಳೆಯ ಬೋರ್ಡಿನಲ್ಲೇ ಓಡಿಸಿ ತೋರಿಸಿದರು.

ಅದೇ 2017ರಲ್ಲಿ ಅಗ್ಗದ ಎಎಂ4 ಬೋರ್ಡ್ ತಗೊಂಡವರ ಕಥೆ ಬೇರೆ. ಅಲ್ಲೂ ಸಲೀಸಾಗಿ ಏನೂ ಆಗಲಿಲ್ಲ. 2020ರ ಮೇ ತಿಂಗಳಲ್ಲಿ ಎಎಂಡಿ, 400 ಸರಣಿಯ ಬೋರ್ಡುಗಳಿಗೆ ರೈಝನ್ 5000 ಬರಲ್ಲ, ಬಯಾಸ್ ಚಿಪ್ಪಿನಲ್ಲಿ ಜಾಗ ಇಲ್ಲ ಅಂದಿತು. ಜನ ತರಾಟೆಗೆ ತಗೊಂಡರು. ಅದೇ ತಿಂಗಳಲ್ಲಿ ಮಾತು ಬದಲಾಯಿತು. 2022ರ ಹೊತ್ತಿಗೆ 300 ಸರಣಿಗೂ ದಾರಿ ಸಿಕ್ಕಿತು. ಮೊದಲ ರೈಝನ್ ಇದ್ದ ಜಾಗದಲ್ಲಿ 96 ಎಂಬಿ ಕ್ಯಾಷ್ ಇರುವ 5800ಎಕ್ಸ್3ಡಿ ಕೂತಿತು. ಕಂಪನಿಯ ಔದಾರ್ಯಕ್ಕಿಂತ ಗ್ರಾಹಕರ ಗಲಾಟೆಗೆ ಇದರ ಹೆಚ್ಚಿನ ಶ್ರೇಯಸ್ಸು ಸಲ್ಲಬೇಕು ಅನ್ನೋದು ನನ್ನ ಅಭಿಪ್ರಾಯ. ಈಗ ಎಎಂ5ಕ್ಕೆ 2027ರವರೆಗೆ ಅಂತ ಮಾತು ಕೊಟ್ಟಿದ್ದಾರೆ, ರೈಝನ್ 9000 ಅದರಲ್ಲೇ ಬಂದಿದೆ. ಎಲ್‌ಜಿಎ 1700ಕ್ಕೆ ಮೂರು ತಲೆಮಾರು ಸಿಕ್ಕವು, 2024ರ ಅಕ್ಟೋಬರಿನಲ್ಲಿ ಇಂಟೆಲ್ ಎಲ್‌ಜಿಎ 1851ಕ್ಕೆ ಹೋಯಿತು.

ಹಾಗಾದರೆ ನಾನು ಪಟ್ಟಿ ತಿದ್ದುವುದು ಹೇಗೆ? ಕೆಲಸ ಏನು ಅಂತ ಮೊದಲು ಕೇಳುತ್ತೇನೆ. ಬರೀ ಆಟ, ಸ್ವಲ್ಪ ಕೋಡಿಂಗ್ ಅಂದರೆ ಆರು ಕೋರು ಸಾಕು, ಬೋರ್ಡ್ ಸಾದಾ ಬಿ650. ದಿನವಿಡೀ ಕಂಪೈಲ್ ಮಾಡುವವರಿಗೆ, ವಿಡಿಯೋ ರೆಂಡರ್ ಮಾಡುವವರಿಗೆ ಕೋರು ಹೆಚ್ಚಿಸಿ ಅಂತೀನಿ, ಆಗ ವಿಆರ್‌ಎಂ ಗಟ್ಟಿಯಿರುವ ಬೋರ್ಡಿಗೂ ಅರ್ಥ ಬರುತ್ತದೆ. ಆಮೇಲೆ ಬೋರ್ಡಿನ ಮ್ಯಾನ್ಯುಯಲ್ ಡೌನ್‌ಲೋಡ್ ಮಾಡಿ ಎಂ.2 ಸ್ಲಾಟುಗಳ ಕೆಳಗಿನ ಸಣ್ಣಕ್ಷರ ಓದಿಸುತ್ತೇನೆ. ಎರಡನೇ ಎಸ್‌ಎಸ್‌ಡಿ ಹಾಕಿದರೆ ಗ್ರಾಫಿಕ್ಸ್ ಸ್ಲಾಟ್ ಹದಿನಾರರಿಂದ ಎಂಟು ಲೇನಿಗೆ ಇಳಿಯುವ ಬೋರ್ಡುಗಳಿವೆ, ಅದೂ ದುಬಾರಿಯವುಗಳಲ್ಲೇ ಹೆಚ್ಚು. ಬೋರ್ಡಿನಲ್ಲಿ ಉಳಿದ ದುಡ್ಡು ಮೆಮೊರಿಗೆ, ಇಲ್ಲವೇ ಒಳ್ಳೆಯ ಪವರ್ ಸಪ್ಲೈಗೆ.

ಎಸ್.ಪಿ. ರೋಡಿಗೆ ಹೋಗುವವರಿಗೆ ಇನ್ನೆರಡು ಮಾತು. ಪ್ರೊಸೆಸರ್ ಟ್ರೇ ಪೀಸೋ ಬಾಕ್ಸ್ ಪೀಸೋ ಕೇಳಿ. ಬಾಕ್ಸಿನದ್ದಕ್ಕೆ ಕಂಪನಿಯ ಮೂರು ವರ್ಷದ ವಾರಂಟಿ ಇರುತ್ತದೆ, ಟ್ರೇದಕ್ಕೆ ಅಂಗಡಿಯವರ ಮಾತೇ ವಾರಂಟಿ. ಬೋರ್ಡ್ ಹಳೆಯ ಸ್ಟಾಕು, ಪ್ರೊಸೆಸರ್ ಹೊಸದು ಅಂತಾದರೆ ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇದೆಯಾ ನೋಡಿ. ಅದಿದ್ದರೆ ಪ್ರೊಸೆಸರ್ ಹಾಕದೆಯೇ ಪೆನ್ ಡ್ರೈವಿನಿಂದ ಅಪ್‌ಡೇಟ್ ಆಗುತ್ತದೆ. ಇಲ್ಲದಿದ್ದರೆ “ನೀವೇ ಅಪ್‌ಡೇಟ್ ಮಾಡಿ ಕೊಡಿ” ಅಂತ ಬಿಲ್ ಬರೆಯೋಕೆ ಮುಂಚೆ ಹೇಳಿ. ಬಿಲ್ ಆದ ಮೇಲೆ ಹೇಳಿದರೆ “ನಾಳೆ ಬನ್ನಿ ಸಾರ್” ಅಂತಾರೆ.